ಡೆಫ್‌ಕಾನ್ ಕೊನೇ ದಿನ: ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಕಂಡಂತೆ

ಜೂನಿಯರ್ಸ್ ನಮ್ಮನ್ನ ಪದೇಪದೇ ಕೇಳೋ ಪ್ರಶ್ನೆ ಒಂದಿದೆ: "ಆನ್‌ಲೈನ್ ಸೆಕ್ಯುರಿಟಿ ಕಾನ್ಫರೆನ್ಸ್‌ನಾಗ ಮೊದಲ ದಿನದ ಟಾಕ್ ನೋಡಿದ್ರ ಸಾಕಲ್ರಿ? ಕೊನೇ ದಿನ ಬರೀ ಥ್ಯಾಂಕ್ಸ್ ಹೇಳೋದು ತಾನೆ?" ಅಲ್ಲ. ನಮ್ಮನ್ನ ಕೇಳಿದ್ರೆ, ಒಂದೇ ದಿನ ನೋಡೋಕೆ ಆಗೋದಾದ್ರೆ ಕೊನೇ ದಿನವನ್ನೇ ನೋಡ್ರಿ ಅಂತೀವಿ.

2020ರ ಆಗಸ್ಟ್. ಮೊದಲ ವರ್ಷ ಮುಗಿದು, ಲಾಕ್‌ಡೌನ್‌ನಿಂದ ಮೂವರೂ ನಮ್ಮ ನಮ್ಮ ಊರಲ್ಲಿದ್ವಿ: ಒಬ್ಬ ಸಿಂಧನೂರು, ಒಬ್ಬ ಮಸ್ಕಿ, ಒಬ್ಬ ಲಿಂಗಸುಗೂರು. ಮೂರೂ ಒಂದೇ ರಸ್ತೆಯ ಊರು, ಒಂದೇ ಬಸ್ಸಲ್ಲಿ ಮುಗಿದುಹೋಗೋ ದೂರ. ಆದರೂ ಆ ತಿಂಗಳು ಭೇಟಿ ಆದದ್ದು ವಾಟ್ಸಾಪ್ ಕಾಲ್‌ನಲ್ಲಿ ಮಾತ್ರ.

ಡೆಫ್‌ಕಾನ್ 1993ರಿಂದ ಲಾಸ್ ವೇಗಸ್‌ನಲ್ಲಿ ನಡೀತಿರೋ ಹ್ಯಾಕರ್‌ಗಳ ಸಮ್ಮೇಳನ. "ಈ ಸಲ ಡೆಫ್‌ಕಾನ್ ಕ್ಯಾನ್ಸಲ್ ಆಯ್ತಂತೆ" ಅನ್ನೋದು ಅಲ್ಲಿಯವರ ಹಳೇ ಜೋಕು. 2020ರಲ್ಲಿ ಅದು ನಿಜವೇ ಆಯ್ತು. ಅದರ ಬದಲಿಗೆ ಆಗಸ್ಟ್ 6ರಿಂದ 9ರವರೆಗೆ 'ಸೇಫ್ ಮೋಡ್' ಅನ್ನೋ ಹೆಸರಲ್ಲಿ ಎಲ್ಲವೂ ಆನ್‌ಲೈನ್‌ಗೆ ಬಂತು. ಮೊದಲೇ ರೆಕಾರ್ಡ್ ಮಾಡಿದ ಟಾಕ್‌ಗಳು ಯೂಟ್ಯೂಬ್‌ನಲ್ಲಿ, ಪ್ರಶ್ನೋತ್ತರ ಟ್ವಿಚ್‌ನಲ್ಲಿ, ಹರಟೆ ಡಿಸ್ಕಾರ್ಡ್‌ನಲ್ಲಿ. ವೀಸಾ ಇಲ್ಲ, ವಿಮಾನದ ಟಿಕೆಟ್ ಇಲ್ಲ. ದಿನಕ್ಕೆ 1.5 ಜಿಬಿ ಡೇಟಾ ಪ್ಯಾಕ್ ಇದ್ದ ನಮಗೂ ಬಾಗಿಲು ತೆರೀತು.

ತೊಂದರೆ ಇದ್ದದ್ದು ಗಡಿಯಾರದ್ದು. ಆಗಸ್ಟ್‌ನಲ್ಲಿ ವೇಗಸ್ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಅಲ್ಲಿ 9ರ ಸಂಜೆ ಅಂದ್ರೆ ಇಲ್ಲಿ 10ರ ನಸುಕು. ಸಿಂಧನೂರಿನ ಮನೆಯಲ್ಲಿ ನಾಟಿಗೆ ಹೋಗೋಕೆ ಎದ್ದ ಅವ್ವ ಬೆಳಕು ಕಂಡು ಬಾಗಿಲಲ್ಲಿ ನಿಂತು, "ಇಷ್ಟ್ ನಸುಕಿನ್ಯಾಗ ಯಾವ ಪರೀಕ್ಷಿನೋ ಇದು?" ಅಂದಳು. ಲಿಂಗಸುಗೂರಿನವನ ಅಪ್ಪ ಹಟ್ಟಿ ಗಣಿಯ ಶಿಫ್ಟ್‌ಗೆ ಹೊರಟಿದ್ರು. ಅವರಿಗೆ ಹೊತ್ತಲ್ಲದ ಹೊತ್ತಲ್ಲಿ ಕೆಲಸ ಮಾಡೋದು ಹೊಸದಲ್ಲ, ಹಂಗಾಗಿ ಏನೂ ಕೇಳಲಿಲ್ಲ.

ಆ ಹೊತ್ತಲ್ಲಿ ನೋಡೋ ಅಂಥದ್ದು ಏನಿತ್ತು? ಮುಖ್ಯವಾಗಿ ಸಿಟಿಎಫ್ ಫಲಿತಾಂಶ. ಕ್ಯಾಪ್ಚರ್ ದ ಫ್ಲ್ಯಾಗ್‌ನಲ್ಲಿ ಎರಡು ಬಗೆ. ಒಂದು, ನಾವು ಕಾಲೇಜಲ್ಲಿ ಆಡೋ ಅಂಥದ್ದು: ಲೆಕ್ಕ ಕೊಡ್ತಾರೆ, ಬಿಡಿಸಿದ್ರೆ ಅದರೊಳಗೆ ಬಚ್ಚಿಟ್ಟ ಸಾಲೊಂದು ಸಿಗುತ್ತೆ, ಅದೇ ಫ್ಲ್ಯಾಗ್. ಡೆಫ್‌ಕಾನ್ ಫೈನಲ್ ಬೇರೆ ಬಗೆಯದು. ಎಲ್ಲ ತಂಡಕ್ಕೂ ಅದೇ ಪ್ರೋಗ್ರಾಮ್‌ಗಳು, ಅವುಗಳಲ್ಲಿ ಅದೇ ತೂತುಗಳು. ನಿಮ್ಮದನ್ನ ನೀವು ಮುಚ್ಚಬೇಕು, ಮುಚ್ಚದವರ ಸರ್ವರ್‌ನಿಂದ ಫ್ಲ್ಯಾಗ್ ಕದೀಬೇಕು, ಅದೂ ಸರ್ವಿಸ್ ನಿಲ್ಲದಂತೆ. ಹೊಲಕ್ಕೆ ದನ ನುಗ್ಗದಂಗೆ ಬೇಲಿ ಹಾಕಬೇಕು, ಆದರೆ ನೀರು ಹರಿಯೋ ಕಾಲುವೆ ಮುಚ್ಚಬಾರದು. ಆ ವರ್ಷ ಗೆದ್ದದ್ದು ಚೀನಾದ ಎ*0*ಇ ತಂಡ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಿಂದ ಹುಟ್ಟಿದ ಪಿಪಿಪಿ ಎರಡನೇ ಸ್ಥಾನ. ಅದೇ ವಿಶ್ವವಿದ್ಯಾಲಯ ಹೊಸಬರಿಗಾಗಿ ಪಿಕೋಸಿಟಿಎಫ್ ಅನ್ನ ಪುಕ್ಕಟೆ ನಡೆಸುತ್ತೆ; ಇನ್ನೂ ಶುರು ಮಾಡದವರು ಅಲ್ಲಿಂದ ಶುರು ಮಾಡ್ರಿ.

ಯಾರು ಗೆದ್ದರು ಅನ್ನೋದಕ್ಕಿಂತ ಮುಖ್ಯವಾದದ್ದು ಅದರ ಮುಂದಿನ ಗಂಟೆ. ಸ್ಪರ್ಧೆ ನಡೀತಿರುವಾಗ ಉತ್ತರ ಹಂಚೋ ಹಾಗಿಲ್ಲ. ಮುಗಿದ ಕ್ಷಣದಿಂದ ಎಲ್ಲರ ಬಾಯಿ ಬಿಡುತ್ತೆ. ಎಲ್ಲಿ ಸಿಕ್ಕಿಬಿದ್ದೆವು, ಯಾವ ದಾರಿ ಸುಳ್ಳಾಯ್ತು ಅಂತ 'ರೈಟ್‌ಅಪ್' ಬರೆದು ಹಾಕ್ತಾರೆ. ಟಾಕ್ ಕೊಟ್ಟು ಹಗುರಾದವರು ಡಿಸ್ಕಾರ್ಡ್‌ನಲ್ಲಿ ನಮ್ಮಂಥವರ ದಡ್ಡ ಪ್ರಶ್ನೆಗೂ ಉತ್ತರ ಕೊಡ್ತಾರೆ. ನಾವು ಮಾಡಿದ್ದಿಷ್ಟೇ: ಒಂದೇ ಒಂದು ಲೆಕ್ಕ ಹಿಡಿದು, ರೈಟ್‌ಅಪ್ ಪಕ್ಕದಲ್ಲಿಟ್ಟು, ನಮ್ಮ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಬಿಡಿಸಿದ್ವಿ. ಹನ್ನೊಂದು ದಿನ ಹಿಡೀತು. ಮೊದಲ ವರ್ಷದ ಸಿ ಲ್ಯಾಬ್‌ನಲ್ಲಿ ತಲೆಗೆ ಹತ್ತದ ಪಾಯಿಂಟರ್ ಆ ಹನ್ನೊಂದು ದಿನದಲ್ಲಿ ಹತ್ತಿತು.

ಅಲ್ಲಿ ಎಲ್ಲರಿಗೂ ಒಂದು ಹ್ಯಾಂಡಲ್. ಸ್ಥಾಪಕ ಜೆಫ್ ಮಾಸ್ ಕೂಡ 'ಡಾರ್ಕ್ ಟ್ಯಾಂಜೆಂಟ್'. ಹ್ಯಾಂಡಲ್ ಹಿಂದಿನ ಮನುಷ್ಯ ಯಾರು ಅಂತ ಗುರುತಿಸೋದನ್ನ ಸೆಕ್ಯುರಿಟಿಯಲ್ಲಿ ಆಟ್ರಿಬ್ಯೂಶನ್ ಅಂತಾರೆ. ಇದನ್ನ ಓದಿ ಮಸ್ಕಿಯವ ಎದೆಯುಬ್ಬಿಸಿ ಹೇಳಿದ: "ಲೇ, ಇದನ್ನ ನಮ್ಮೂರಾಗ 1915ರಾಗೇ ಮಾಡ್ಯಾರ." ನಿಜ. ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳೇ ಸಿಕ್ತಿದ್ದವು. ಗಣಿ ಎಂಜಿನಿಯರ್ ಬೀಡನ್ ಪತ್ತೆ ಹಚ್ಚಿದ ಮಸ್ಕಿ ಶಾಸನದಲ್ಲಿ ಬಿರುದಿನ ಜೊತೆ ಅಶೋಕ ಅನ್ನೋ ಹೆಸರೂ ಇತ್ತು. ಹ್ಯಾಂಡಲ್‌ಗೆ ಹೆಸರು ಕೂಡಿತು.

ಇನ್ನೊಂದು ಸಂಗತಿ ಹೇಳದಿದ್ರೆ ಈ ಬರಹ ಅರ್ಧ ಆಗುತ್ತೆ. ಸಮ್ಮೇಳನ ಮುಗಿದ ವಾರದಲ್ಲೇ, ಕೈ ತುರಿಸ್ತಿರುವಾಗ, ನಮ್ಮಲ್ಲೊಬ್ಬ ಒಂದು ಸಂಸ್ಥೆಯ ಪೋರ್ಟಲ್‌ನಲ್ಲಿ ತನ್ನ ಅರ್ಜಿ ತೆರೆದ. ಲಿಂಕ್‌ನ ಕೊನೆಯಲ್ಲಿ ಒಂದು ನಂಬರ್. ಟೈಪ್ ಮಾಡುವಾಗ ಒಂದಂಕಿ ತಪ್ಪಿತು; ಬೇರೆ ಯಾರದೋ ಹುಡುಗಿಯ ಅರ್ಜಿ ತೆರೀತು, ಫೋಟೋ, ಫೋನ್ ನಂಬರ್ ಸಮೇತ. ಲಾಗಿನ್ ಆದವರಾ ಅಂತ ಸರ್ವರ್ ನೋಡ್ತಿತ್ತು, ಈ ಅರ್ಜಿ ಇವರದೇನಾ ಅಂತ ನೋಡ್ತಿರಲಿಲ್ಲ. ಇದಕ್ಕೆ ಐಡಿಒಆರ್ ಅಂತಾರೆ.

ಹತ್ತು ಸಾಲಿನ ಪೈಥಾನ್ ಬರೆದಿದ್ರೆ ಸಾವಿರಾರು ಅರ್ಜಿ ಇಳಿಸಬಹುದಿತ್ತು. "ಪ್ರೂಫ್‌ಗೆ ಒಂದು ನೂರು ತಗೊಳ್ಳೋಣು" ಅಂದ ಒಬ್ಬ. ಅರ್ಧ ತಾಸು ಜಗಳ. ಸಿಟಿಎಫ್‌ನಲ್ಲಿ ಸರ್ವರ್ ಒಡೆಯೋಕೆ ಅನುಮತಿ ಇರುತ್ತೆ, ಇಲ್ಲಿ ಇಲ್ಲ. ಐಟಿ ಕಾಯ್ದೆ 2000ರ 43ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಡೇಟಾ ಇಳಿಸಿಕೊಂಡ್ರೆ ಪರಿಹಾರ ಕೊಡಬೇಕಾಗುತ್ತೆ. ಅದರಲ್ಲಿ ಮೋಸದ ಉದ್ದೇಶ ಕಂಡರೆ 66ನೇ ಸೆಕ್ಷನ್, 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ ಅಥವಾ ಎರಡೂ. ನಮ್ಮ ಉದ್ದೇಶ ಒಳ್ಳೇದು ಅಂತ ನಮಗೆ ಗೊತ್ತು, ಸರ್ವರ್ ಲಾಗ್‌ಗೆ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ನಮಗೆ ತನ್ನ ನಂಬರ್ ಕೊಟ್ಟಿರಲಿಲ್ಲ.

ಕೊನೆಗೆ ತೆರೆದಿದ್ದ ಪುಟ ಮುಚ್ಚಿ, ಯಾರ ವಿವರವನ್ನೂ ಹಾಕದೆ, ಯಾವ ಪುಟ, ಯಾವ ತಪ್ಪು, ಸರಿಪಡಿಸೋದು ಹೇಗೆ ಅಂತ ಒಂದು ಮೇಲ್ ಬರೆದ್ವಿ. ಎರಡು ವಾರ ಉತ್ತರ ಇಲ್ಲ. ಇಂಥ ದೂರು ತಗೊಳ್ಳೋಕೇ ಇರೋ ಕೇಂದ್ರ ಸರ್ಕಾರದ ಸರ್ಟ್-ಇನ್‌ಗೂ ಕಳಿಸಿದ್ವಿ. ಮೊದಲೇ ಅಲ್ಲಿಗೆ ಬರೀಬೇಕಿತ್ತು ಅಂತ ಈಗ ಅನ್ನಿಸುತ್ತೆ.

ದೀಪಾವಳಿ ಹೊತ್ತಿಗೆ ಮಸ್ಕಿಯವ ತನ್ನ ಅರ್ಜಿ ನೋಡೋಕೆ ಲಾಗಿನ್ ಆದಾಗ, ಲಿಂಕ್‌ನಲ್ಲಿ ಆ ನಂಬರೇ ಇರಲಿಲ್ಲ. ನಮ್ಮ ಮೇಲ್‌ಗೆ ಉತ್ತರ ಮಾತ್ರ ಇವತ್ತಿಗೂ ಬಂದಿಲ್ಲ.