ಇಪ್ಪತ್ಮೂರೂವರೆ ವರ್ಷ ಹೌಸ್‌ಫುಲ್

ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 500 ಕುರ್ಚಿಯ ಒಂದು ಟಾಕೀಜ್ ಇದೆ ಅಂದುಕೊಳ್ಳಿ. ದಿನಕ್ಕೆ ನಾಲ್ಕು ಆಟ, ನಾಲ್ಕೂ ಹೌಸ್‌ಫುಲ್. ಹಬ್ಬಕ್ಕೂ ಬಂದ್‌ಗೂ ರಜೆಯಿಲ್ಲ. 1966ರ ಡಿಸೆಂಬರ್ 8ರಂದು, ಫ್ರಾನ್ಸಿನಲ್ಲಿ ತೆರೆಕಂಡ ದಿನವೇ, ‘ಲಾ ಗ್ರಾಂದ್ ವಾದ್ರುಯ್’ ಎಂಬ ನಗೆಚಿತ್ರವನ್ನು ಇಲ್ಲೂ ಹಾಕಿದರೆನ್ನಿ. ಅಲ್ಲಿ ಮಾರಾಟವಾದಷ್ಟು ಟಿಕೆಟ್ ಇಲ್ಲಿ ಹರಿದು ಮುಗಿಯುವ ಹೊತ್ತಿಗೆ 1990ರ ಮಳೆಗಾಲ. 1972ರ ‘ಬಂಗಾರದ ಮನುಷ್ಯ’, 1987ರ ‘ಪುಷ್ಪಕ ವಿಮಾನ’ ಎರಡೂ ಗೇಟಿನ ಹೊರಗೇ ಸರದಿ ಕಾಯಬೇಕಿತ್ತು.

ಟಿಕೆಟ್ಟುಗಳ ಲೆಕ್ಕ 1 ಕೋಟಿ 72 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಂತೆ ಇಡೀ ಬೆಳಗಾವಿ ಜಿಲ್ಲೆಯ ಜನ 47.8 ಲಕ್ಷ. ಅಥಣಿಯಿಂದ ಖಾನಾಪುರದವರೆಗೆ ತೊಟ್ಟಿಲ ಕೂಸನ್ನೂ ಬಿಡದೆ ಎಲ್ಲರೂ ಮೂರು ಸಲ ನೋಡಿದರೂ ಟಿಕೆಟ್ ಉಳಿಯುತ್ತವೆ. ಆಗ ಫ್ರಾನ್ಸಿನ ಜನಸಂಖ್ಯೆಯೇ ಐದು ಕೋಟಿಯೊಳಗೆ. ಇನ್ನೊಂದು ಫ್ರೆಂಚ್ ಚಿತ್ರ ಈ ದಾಖಲೆ ಮುರಿದದ್ದು 2008ರಲ್ಲಿ. ಅದೂ ನಗೆಚಿತ್ರವೇ.

ಕಥೆ 1942ರದು. ಪ್ಯಾರಿಸ್ ಮೇಲೆ ಹಾರುತ್ತಿದ್ದ ಬ್ರಿಟಿಷ್ ವಿಮಾನವನ್ನು ಜರ್ಮನ್ನರು ಹೊಡೆದುರುಳಿಸುತ್ತಾರೆ. ಪ್ಯಾರಾಚೂಟಿನಲ್ಲಿ ಇಳಿದ ಸೈನಿಕರನ್ನು ಪಾರುಮಾಡುವ ಗಂಡಾಂತರ ಒಬ್ಬ ಪೇಂಟರ್, ಒಬ್ಬ ವಾದ್ಯಮೇಳದ ಮೇಷ್ಟ್ರ ಕೊರಳಿಗೆ ಬೀಳುತ್ತದೆ. ಪೇಂಟರ್ ಬೂರ್ವಿಲ್, ಸಿಡುಕ ಮೇಷ್ಟ್ರು ಲೂಯಿ ದ ಫ್ಯುನೆಸ್. ಗೋಡೆ ಇಳಿಯಲು ಪೇಂಟರ್ ಹೆಗಲೇರಿದ ಮೇಷ್ಟ್ರು, ಗೋಡೆ ದಾಟಿದ ಮೇಲೂ ಹೆಗಲು ಬಿಡುವುದಿಲ್ಲ. ಪೇಂಟರ್ ಪಾಪ, ಹೊತ್ತುಕೊಂಡೇ ನಡೆಯಬೇಕು. ಚಿತ್ರ ತೆರೆಕಂಡಾಗ ಪ್ಯಾರಿಸ್ ಜರ್ಮನ್ನರಿಂದ ಬಿಡುಗಡೆಯಾಗಿ ಇನ್ನೂ 22 ವರ್ಷ. ಆ ದಿನಗಳನ್ನು ಕಣ್ಣಾರೆ ಕಂಡವರೇ ಟಿಕೆಟ್ ಕೊಂಡು ಕೂತು ನಕ್ಕರು.

ಗೇಟಿನ ಹೊರಗೆ ನಿಂತ ‘ಪುಷ್ಪಕ ವಿಮಾನ’ದ ಅಂಕಿ ಇನ್ನೊಂದು ತುದಿಯದು: ಸೊನ್ನೆ. ಸಿಂಗೀತಂ ಶ್ರೀನಿವಾಸರಾವ್ ಬೆಂಗಳೂರಿನಲ್ಲಿ ತೆಗೆದ ಈ ಚಿತ್ರ ಎರಡು ಗಂಟೆಗೂ ಮಿಕ್ಕಿ ಓಡಿದರೂ ಪಾತ್ರಗಳ ಬಾಯಲ್ಲಿ ಒಂದೂ ಮಾತಿಲ್ಲ. ಟಾಕೀಜಿನ ಗದ್ದಲದ ಪಕ್ಕ ಮಲಗಿ ರೂಢಿಯಾದ ಕಮಲ್ ಹಾಸನ್‌ಗೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಹತ್ತದು. ಆ ಗದ್ದಲವನ್ನು ಟೇಪಿಗೆ ಹಿಡಿದು ತಂದು ಹಚ್ಚಿದ ಮೇಲೆಯೇ ಕಣ್ಣು ಮುಚ್ಚುವುದು. ಒಳ್ಳೆಯ ಮನರಂಜನೆಯ ಜನಪ್ರಿಯ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಡಬ್ಬಿಂಗ್ ಖರ್ಚೂ ಸೊನ್ನೆ. ತಮಿಳಿಗೆ ‘ಪೇಸುಂ ಪಡಂ’, ಹಿಂದಿಗೆ ‘ಪುಷ್ಪಕ್’ ಎಂದು ಹೆಸರು ಬದಲಿಸಿದರೆ ಸಾಕಾಯಿತು. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಸಂತೆಯಲ್ಲಿ ಓಡಾಡುವ ಹುಕ್ಕೇರಿ ತಾಲ್ಲೂಕಿಗೆ ಇದಕ್ಕಿಂತ ಸಲೀಸಾದ ಸಿನಿಮಾ ಯಾವುದಿದೆ? ಸಂಕೇಶ್ವರದಲ್ಲಿ ಓಡಿಸಿದ ರೀಲನ್ನೇ ಗಡಿಯಾಚೆಯ ಗಡಹಿಂಗ್ಲಜದಲ್ಲೂ ಓಡಿಸಬಹುದು. ಜನ ನಗುವ ಜಾಗ ಎರಡೂ ಕಡೆ ಒಂದೇ.