ಕಾಫಿ ಯಂತ್ರ ಕೊಳ್ಳುವ ಮುನ್ನ



ಬೇಲಾಪುರದಲ್ಲಿ ಬೆಳೆದ ನಿಮಗೆ ಸ್ಟೇಷನ್ನಿನ ಹೊರಗೆ ಕಟಿಂಗ್ ಚಹಾ, ಮನೆಯೊಳಗೆ ಫಿಲ್ಟರ್ ಕಾಫಿ, ಎರಡೂ ರೂಢಿ. ಸ್ವಂತ ಸಂಸಾರ ಹೂಡುವಾಗ ಕಾಫಿ ಯಂತ್ರವೊಂದು ಬೇಕೆನಿಸುವುದು ಸಹಜ. ಆದರೆ ಅಂಗಡಿಗೆ ಹೊರಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಲೋಟದಲ್ಲಿ ಯಾವ ಕಾಫಿ ಇರಬೇಕು? ಯಂತ್ರದ ಮಾತು ಆಮೇಲೆ.

ನಮ್ಮ ಮನೆಗಳ ಕಾಫಿಯ ಜೀವಾಳ ಗಟ್ಟಿ ಡಿಕಾಕ್ಷನ್. ಎಷ್ಟು ಹಾಲು ಬೆರೆಸಿದರೂ ಅದರ ಘಮ ಸೋಲಬಾರದು. ಕಾಗದದ ಸೋಸುಕವಿರುವ ವಿದೇಶಿ ಡ್ರಿಪ್ ಯಂತ್ರ ಕೊಡುವುದು ತೆಳ್ಳನೆಯ ಕಾಫಿ. ಹಾಲಿಲ್ಲದೆ ಕುಡಿಯುವವರಿಗೆ ಅದು ಸೊಗಸು. ಹಾಲು ಬೆರೆಸಿದರೆ ನೀರು ನೀರು.

ಇಟಲಿಯ ಎಸ್‌ಪ್ರೆಸೊ ಯಂತ್ರ ಸುಮಾರು 9 ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಗಟ್ಟಿ ರಸ ಇಳಿಸುತ್ತದೆ. ಆದರೆ ಬೆಲೆ ಸಾವಿರಗಳ ಲೆಕ್ಕ, ಶುಚಿಗೊಳಿಸುವ ಕೆಲಸ ದಿನನಿತ್ಯದ್ದು. ಚಿಕೋರಿ ಬೆರೆತ ಪುಡಿ ಅದರ ಸಣ್ಣ ತೂತುಗಳಲ್ಲಿ ಕಟ್ಟಿಕೊಳ್ಳಬಹುದು. ಕ್ಯಾಪ್ಸೂಲ್ ಯಂತ್ರವಾದರೆ ಅದಕ್ಕೆ ಹೊಂದುವ ಕ್ಯಾಪ್ಸೂಲನ್ನೇ ಸದಾ ಕೊಳ್ಳುತ್ತಿರಬೇಕು. 1933ರಲ್ಲಿ ಇಟಲಿಯಲ್ಲಿ ಬಂದ ಮೋಕಾ ಪಾತ್ರೆ ಅಗ್ಗ. ಒಲೆಯ ಮೇಲೇ ಇಡಬಹುದು. ಅದರ ರಸ ನಮ್ಮ ಡಿಕಾಕ್ಷನ್ನಿಗೆ ಹತ್ತಿರ.

ಬೆಳಗಿನ ಲೋಕಲ್ ಹಿಡಿಯುವ ಧಾವಂತದವರಿಗೆ ನಮ್ಮ ದೇಶದಲ್ಲೇ ತಯಾರಾಗುವ ವಿದ್ಯುತ್ ಫಿಲ್ಟರ್ ಅನುಕೂಲ. ಕೆಲವೇ ನಿಮಿಷಗಳಲ್ಲಿ ಡಿಕಾಕ್ಷನ್ ಸಿದ್ಧ. ಇವೆಲ್ಲಕ್ಕೂ ಹಿರಿಯದು ಎರಡು ಅಂತಸ್ತಿನ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್. ಮೇಲಿನ ಪಾತ್ರೆಗೆ ಪುಡಿ ಹಾಕಿ, ಬಿಲ್ಲೆಯಿಂದ ಹಗುರಾಗಿ ಒತ್ತಿ, ಕುದಿನೀರು ಸುರಿದು, ಮುಚ್ಚಿಟ್ಟರಾಯಿತು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಕೆಳಗೆ ಡಿಕಾಕ್ಷನ್. ಕರೆಂಟ್ ಬೇಡ, ರಿಪೇರಿಯೂ ಇಲ್ಲ. ತೂತು ಕಟ್ಟಿದರೆ ಉರಿಯ ಮೇಲೆ ಹಿಡಿದು ತೊಳೆದರೆ ಸಾಕು.

ಯಂತ್ರ ಯಾವುದೇ ಇರಲಿ, ರುಚಿ ಪುಡಿಯದು. ಬಾಬಾ ಬುಡನ್ ತಂದರೆಂದು ಪ್ರತೀತಿಯಿರುವ ಬೀಜದಿಂದ ಬೆಳೆದು, ಇಂದು ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದ್ದೇ. ಕುರ್ಲಾದಲ್ಲಿ ಗಾಡಿ ಬದಲಾಯಿಸಿ ಮಾಟುಂಗಾಕ್ಕೆ ಹೋದರೆ ಕಣ್ಣೆದುರೇ ಬೀಜ ಪುಡಿ ಮಾಡಿಕೊಡುವ ಅಂಗಡಿಗಳಿವೆ. ಯಾವ ಯಂತ್ರಕ್ಕೆಂದು ಹೇಳಿಯೇ ಪುಡಿ ಮಾಡಿಸಿ. ಪೊಟ್ಟಣದ ಪುಡಿಯಾದರೆ ಚಿಕೋರಿಯ ಪ್ರಮಾಣ ಓದಿ. ಕಾನೂನಿನಂತೆ ಅದು ಶೇಕಡಾ 49ರವರೆಗೂ ಇರಬಹುದು. ನಮ್ಮ ಮಳೆಗಾಲದ ತೇವಕ್ಕೆ ಪುಡಿ ಬೇಗ ಕೆಡುತ್ತದೆ. ಹದಿನೈದು ದಿನಕ್ಕಾಗುವಷ್ಟೇ ತಂದು ಬಿಗಿ ಡಬ್ಬಿಯಲ್ಲಿಡಿ.

ಕೊನೆಯದಾಗಿ ಒಂದು ಸಲಹೆ. ಹಣ ಕೊಡುವ ಮೊದಲು ಎರಡು ವಾರ ಅಮ್ಮನ ಫಿಲ್ಟರಿನಲ್ಲೇ ನೀವೇ ಕಾಫಿ ಮಾಡಿ ನೋಡಿ. ಎಷ್ಟು ಚಮಚ, ಎಷ್ಟು ಒತ್ತು, ಹಾಲಿಗೆ ಎಷ್ಟು ಕುದಿ ಎಂದು ಕೇಳಿ ಕಲಿಯಿರಿ. ಆ ಅಳತೆ ಯಾವ ಪುಸ್ತಕದಲ್ಲೂ ಇಲ್ಲ, ಅವರ ಕೈಯಲ್ಲಿದೆ. ಯಂತ್ರವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಆ ಕೈ ಅಳತೆಯನ್ನು ಈಗಲೇ ಕಲಿತುಕೊಳ್ಳಬೇಕು.