ಚರ್ಮದ ಕಲೆ, ದೇಹದ ತೂಕ ಮತ್ತು ಮಿದುಳಿನ ರಕ್ತನಾಳ

ರೋಗಕ್ಕಿಂತ ರೋಗದ ಹೆಸರೇ ಹೆಚ್ಚು ನೋಯಿಸುವ ಸಂದರ್ಭಗಳುಂಟು. ‘ಕುಷ್ಠ’ ಎಂಬ ಶಬ್ದ ಅಂಥದು. ಆಯುರ್ವೇದದಲ್ಲಿ ಅದರ ಅರ್ಥವ್ಯಾಪ್ತಿ ದೊಡ್ಡದು. ಚರಕಸಂಹಿತೆಯು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಇವುಗಳಲ್ಲಿ ಏಕಕುಷ್ಠ, ಕಿಟಿಭ ಎಂಬವುಗಳ ಲಕ್ಷಣಗಳನ್ನು ಇಂದಿನ ಆಯುರ್ವೇದ ವಿದ್ವಾಂಸರು ಸೋರಿಯಾಸಿಸ್ ರೋಗದೊಡನೆ ಹೋಲಿಸುತ್ತಾರೆ. ಲೋಕರೂಢಿಯಲ್ಲಾದರೋ ಕುಷ್ಠವೆಂದರೆ ಒಂದೇ ಅರ್ಥ. ಕೇಳಿದವರು ದೂರ ಸರಿಯುತ್ತಾರೆ. ಯೂರೋಪಿನಲ್ಲಿಯೂ ಈ ಗೊಂದಲವಿತ್ತು. ವಿಯೆನ್ನಾದ ವೈದ್ಯ ಫರ್ಡಿನಾಂಡ್ ಹೆಬ್ರಾ 1841ರಲ್ಲಿ ಇವೆರಡೂ ಬೇರೆ ರೋಗಗಳೆಂದು ಸ್ಪಷ್ಟಪಡಿಸಿದನು. ಸೋರಿಯಾಸಿಸ್ ಮುಟ್ಟಿದರೆ ಅಂಟುವುದಿಲ್ಲ. ಒಂದೇ ಪಂಕ್ತಿಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ ಹರಡುವುದಿಲ್ಲ.

ಹಾಗಾದರೆ ಇದು ಏನು? ಆರೋಗ್ಯವಂತನ ಹೊರಚರ್ಮದ ಕಣಗಳು ಹುಟ್ಟಿ, ಮೇಲೆ ಬಂದು, ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಈ ರೋಗದಲ್ಲಿ ಅದೇ ಕಾರ್ಯ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕಣಗಳು ರಾಶಿಗೂಡಿ ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಬೆಳ್ಳಿಬಣ್ಣದ ಹೊಟ್ಟಿನಂತೆ ಏಳುತ್ತವೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ ಉರಿಯೂತವನ್ನು ಹುಟ್ಟಿಸುವುದು ಇದಕ್ಕೆ ಕಾರಣ. ವಂಶವಾಹಿಯ ಪಾತ್ರವೂ ಉಂಟು.

ಈ ಉರಿ ಚರ್ಮದಲ್ಲಿಯೇ ನಿಲ್ಲುವುದಿಲ್ಲವೆಂಬುದು ಗಮನಿಸಬೇಕಾದ ಸಂಗತಿ. ಉರಿಯೂತಕಾರಕ ದ್ರವ್ಯಗಳು ರಕ್ತದೊಡನೆ ಸಂಚರಿಸಿ ಕೀಲುಗಳನ್ನು ನೋಯಿಸುತ್ತವೆ; ಧಮನಿಗಳ ಒಳಪದರವನ್ನು ಕೆಡಿಸಿ, ಅಲ್ಲಿ ಕೊಬ್ಬು ಕಟ್ಟಿಕೊಳ್ಳಲು ಎಡೆಮಾಡುತ್ತವೆ. ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡಾ 20 ಅದಕ್ಕೇ ಬೇಕು. ಅದರ ನಾಳ ಕಟ್ಟಿದರೆ ಪಾರ್ಶ್ವವಾಯು. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀವ್ರ ಸೋರಿಯಾಸಿಸ್ ಉಳ್ಳವರಲ್ಲಿ ಪಾರ್ಶ್ವವಾಯುವಿನ ಸಂಭವ ಇತರರಿಗಿಂತ ಶೇಕಡಾ 43ರಷ್ಟು ಹೆಚ್ಚೆಂದು ಕಂಡಿತು. ಸೌಮ್ಯ ರೂಪದಲ್ಲಿ ಈ ಹೆಚ್ಚಳ ಅತ್ಯಲ್ಪ. ಆದುದರಿಂದ ಭೀತಿ ಬೇಡ, ಎಚ್ಚರ ಬೇಕು.

ಈ ಉರಿಗೆ ತುಪ್ಪ ಸುರಿಯುವುದು ಅತಿತೂಕ. ಬೊಜ್ಜು ಸುಮ್ಮನೆ ಕುಳಿತ ಹೊರೆಯಲ್ಲ. ಅದೂ ಉರಿಯೂತಕಾರಕ ದ್ರವ್ಯಗಳನ್ನು ಸ್ರವಿಸುತ್ತದೆ. ರಕ್ತದೊತ್ತಡ, ಮಧುಮೇಹಗಳನ್ನೂ ಕರೆತರುತ್ತದೆ. ಇತ್ತ ರೋಗಿಯು ಕೀಲುನೋವಿನಿಂದಲೂ ಜನರ ನೋಟಕ್ಕೆ ಅಂಜಿಯೂ ಮನೆಯೊಳಗೆ ಉಳಿದರೆ ತೂಕ ಇನ್ನಷ್ಟು ಏರುತ್ತದೆ. ಹೀಗೆ ಒಂದು ಮತ್ತೊಂದನ್ನು ಬೆಳೆಸುತ್ತದೆ. ಡೆನ್ಮಾರ್ಕಿನಲ್ಲಿ 60 ಮಂದಿ ಸ್ಥೂಲಕಾಯದ ರೋಗಿಗಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಿತಾಹಾರ ಪಡೆದವರು 16 ವಾರಗಳಲ್ಲಿ ಸುಮಾರು 15 ಕಿಲೋಗ್ರಾಂ ಇಳಿದರು. ಅವರ ಕಲೆಗಳು ತಗ್ಗುವ ಒಲವು ತೋರಿದುವು. ರೋಗದಿಂದ ನಿತ್ಯಜೀವನಕ್ಕೊದಗುವ ಬಾಧೆಯಂತೂ ಸ್ಪಷ್ಟವಾಗಿ ಕುಗ್ಗಿತು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮೀರಿದರೆ ಜಾಗರೂಕರಾಗಬೇಕೆಂದು ವೈದ್ಯರು ಹೇಳುತ್ತಾರೆ.

ಆದಕಾರಣ ಮುಲಾಮು ಹಚ್ಚಿ ಸುಮ್ಮನಿರುವುದು ಅರ್ಧ ಚಿಕಿತ್ಸೆ. ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಅಂಶಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುವುದು, ತಂಬಾಕು ಮದ್ಯಗಳನ್ನು ತ್ಯಜಿಸುವುದು, ನಿತ್ಯ ನಡೆಯುವುದು ಉಳಿದರ್ಧ. ಬಾಯಿ ಒಂದೆಡೆಗೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲದು. ಊಟ ಬಲ್ಲವನಿಗೂ ಈ ರೋಗ ಬರಬಹುದು. ಆದರೂ ಅದರ ಎರಡು ಪಾದಗಳನ್ನು ಇಬ್ಬರಿಗೆ ಹಂಚಬಹುದು. ಊಟದ ಹಿತಮಿತವನ್ನು ರೋಗಿಯು ಕಲಿಯಲಿ. ಮಾತಿನ ಹಿತಮಿತವನ್ನು ನೋಡುವವರು ಕಲಿಯಲಿ. ತರಗತಿಯಲ್ಲಿ ಕೈ ಮರೆಮಾಚಿ ಕುಳಿತ ಬಾಲಕನ ಪಕ್ಕದಲ್ಲಿ ಹೋಗಿ ಕೂರುವ ಗೆಳೆಯನು, ಅರಿಯದೆಯೇ ಆ ಚಿಕಿತ್ಸೆಯಲ್ಲಿ ಪಾಲುಗೊಳ್ಳುತ್ತಾನೆ.